ಅಂಗಡಿ ಜಗಲಿಯಲ್ಲಿ ಮಲಗಿದವರ ಫೋಟೋ

ದಸರಾ ರಜೆಗೆ ಮೊಮ್ಮಗಳು ಮಂಗಳೂರಿನಿಂದ ನೆರಿಯಕ್ಕೆ ಬಂದಿದ್ದಳು. ಏಳನೆಯ ತರಗತಿ. ಈ ಸಲ ಅವಳ ಕೈಯಲ್ಲಿ ಅವಳ ಅಮ್ಮನ ಹಳೆಯ ಮೊಬೈಲ್ ಇತ್ತು. ಗಾಜಿನ ಒಂದು ಮೂಲೆ ಒಡೆದಿದೆ, ಆದರೆ ಕ್ಯಾಮರಾಕ್ಕೆ ಏನೂ ಆಗಿಲ್ಲ. ಬಂದ ದಿನದಿಂದಲೇ ಶುರು. ನೆರಿಯ ಹೊಳೆ, ಅದರಾಚೆ ಮೋಡ ಹೊದ್ದ ಘಟ್ಟ, ಅಂಗಳದ ನಾಯಿ, ನಾಯಿಯ ಬಾಲ ಮಾತ್ರ, ಬಸ್ಸು ಹೋದ ಮೇಲೆ ಉಳಿದ ಧೂಳು. ಒಂದೇ ದಿನಕ್ಕೆ ಇನ್ನೂರು ಫೋಟೋ.

ಒಂದು ಬೆಳಿಗ್ಗೆ ಸಕ್ಕರೆ ತರಲೆಂದು ನಾನು ರಸ್ತೆ ಬದಿಯ ಅಂಗಡಿಗೆ ಹೊರಟಾಗ ಅವಳೂ ಬಂದಳು. ನಾನು ಅಲ್ಲಿ ಸಿಕ್ಕಿದವರ ಜೊತೆ ಅಡಿಕೆ ರೇಟು, ಕೊಳೆರೋಗ ಎಂದು ಮಾತಿಗೆ ನಿಂತೆ. ಅವಳು ರಸ್ತೆಯಲ್ಲಿ ಅತ್ತ ಇತ್ತ ಹೋಗಿ ಏನೇನೋ ಕ್ಲಿಕ್ ಮಾಡುತ್ತಿದ್ದಳು. ನಾನು ಗಮನ ಕೊಡಲಿಲ್ಲ.

ಸಂಜೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಪಕ್ಕದ ಅಂಗಡಿಯ ಜಗಲಿಯಲ್ಲಿ ಒಬ್ಬರು ಗೋಣಿಚೀಲ ಹಾಸಿ ಮಲಗಿದ್ದಾರೆ. ಬಾಯಿ ಸ್ವಲ್ಪ ತೆರೆದಿದೆ. ಒಂದು ಕಾಲು ಜಗಲಿಯಿಂದ ಕೆಳಗೆ ಇಳಿಬಿದ್ದಿದೆ. ಕೆಳಗೆ ಮೊಮ್ಮಗಳು ಬರೆದಿದ್ದಳು: 'ನೆರಿಯದ ಅತ್ಯಂತ ಬ್ಯುಸಿ ಮನುಷ್ಯ.'

ಹತ್ತು ನಿಮಿಷದಲ್ಲಿ ಬೆಂಗಳೂರು, ಪುಣೆ, ದುಬೈ ಎಲ್ಲ ಕಡೆಯಿಂದ ನಗುವ ಮುಖಗಳು ಬಂದವು. ಅದರಲ್ಲಿ ಒಂದು ನಗು ನನ್ನದು. ಅದನ್ನು ಮುಚ್ಚಿಟ್ಟು ಮುಂದಿನದ್ದನ್ನು ಬರೆದರೆ ಸರಿಯಾಗುವುದಿಲ್ಲ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ರಾತ್ರಿ ಊಟವಾದ ಮೇಲೆ ಇವಳು, ಅಂದರೆ ಅವಳ ಅಜ್ಜಿ, ಕನ್ನಡಕ ಹಾಕಿಕೊಂಡು ಆ ಫೋಟೋ ನೋಡಲು ಕೂತಳು. ಇವಳು ಫೋಟೋ ನೋಡುವುದು ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ಎರಡು ಬೆರಳಿನಿಂದ ದೊಡ್ಡದು ಮಾಡಿ, ಒಂದು ಮೂಲೆಯಿಂದ ಶುರುಮಾಡಿ ಇನ್ನೊಂದು ಮೂಲೆಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು:

"ಇವರ ತಲೆಯ ಹತ್ತಿರ ಇರುವುದು ಎಂತ? ಪಟ್ಟಿಯ ಹಾಗೆ ಉಂಟಲ್ಲ?"

ನಾನು ನೋಡಿದೆ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು.

"ಹಗಲಿಗೆ ಟಾರ್ಚು ಎಂತಕ್ಕೆ?" ಎಂದಳು ಮೊಮ್ಮಗಳು.

ನನಗೆ ಆಗಲೇ ಉತ್ತರ ಗೊತ್ತಾಗಿತ್ತು. ಮುಖವನ್ನು ಸರಿಯಾಗಿ ನೋಡಿದಾಗ ಮನುಷ್ಯನ ಗುರುತೂ ಸಿಕ್ಕಿತು. ಹತ್ತಾರು ವರ್ಷದಿಂದ ಇದೇ ರಸ್ತೆಯಲ್ಲಿ ನೋಡಿದವರು, ನನ್ನ ಕಂಡರೆ ನಿಂತು ಮಾತಾಡಿಸುವವರು. ರಬ್ಬರ್ ಟ್ಯಾಪಿಂಗ್ ಮಾಡುವವರು.

ಮಂಗಳೂರಿನ ಮಗುವಿಗೆ ಅದು ಗೊತ್ತಿರಲಿಲ್ಲ. ನಿಮ್ಮಲ್ಲಿಯೂ ಕೆಲವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳಿ ಮಕ್ಕಳೇ. ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಅಡಿಕೆಯ ಹಾಗೆಯೇ ರಬ್ಬರ್ ತೋಟಗಳೂ ತುಂಬ. ರಬ್ಬರ್ ಮರದ ತೊಗಟೆಯನ್ನು ಒಂದು ಬಾಗಿದ ಚೂರಿಯಿಂದ ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಒಂದು ಸಲಕ್ಕೆ ತೆಗೆಯುವ ತೊಗಟೆ ಒಂದೂವರೆ ಮಿಲಿಮೀಟರಿನಷ್ಟು ದಪ್ಪ, ಅಷ್ಟೆ. ಜಾಸ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಆಳ ಸಾಲದಿದ್ದರೆ ಹಾಲು ಬರುವುದಿಲ್ಲ. ಕೆತ್ತಿದ ಗೀರಿನಲ್ಲಿ ಬಿಳಿ ಹಾಲು ಇಳಿದು ಕೆಳಗೆ ಕಟ್ಟಿದ ಗೆರಟೆಯಲ್ಲೋ ಬಟ್ಟಲಿನಲ್ಲೋ ತುಂಬುತ್ತದೆ.

ಈ ಕೆಲಸವನ್ನು ಬೆಳಗಾಗುವ ಮೊದಲೇ ಮಾಡಬೇಕು. ರಾತ್ರಿಯಿಡೀ ಮರ ಬೇರಿನಿಂದ ನೀರು ಎಳೆದುಕೊಂಡು ತುಂಬಿರುತ್ತದೆ. ಆಗ ತೊಗಟೆಯೊಳಗಿನ ನಾಳಗಳಲ್ಲಿ ಒತ್ತಡ ಹೆಚ್ಚು, ಹಾಲು ಚೆನ್ನಾಗಿ ಇಳಿಯುತ್ತದೆ. ಬಿಸಿಲು ಏರಿದ ಹಾಗೆ ಎಲೆಗಳಿಂದ ನೀರು ಆವಿಯಾಗಿ ಹೋಗುತ್ತದೆ, ಒತ್ತಡ ಇಳಿಯುತ್ತದೆ, ಹಾಲು ಕಡಿಮೆಯಾಗುತ್ತದೆ. ಆದ್ದರಿಂದ ನಾವೆಲ್ಲ ಮಗ್ಗುಲು ಬದಲಿಸಿ ಮತ್ತೆ ಹೊದ್ದುಕೊಳ್ಳುವ ಹೊತ್ತಿಗೆ ಅವರು ಹಣೆಗೆ ಟಾರ್ಚು ಕಟ್ಟಿ ತೋಟಕ್ಕೆ ಇಳಿದಿರುತ್ತಾರೆ. ಒಬ್ಬರು ಒಂದು ದಿನಕ್ಕೆ ಸುಮಾರು 300 ಮರ ಕೆತ್ತುತ್ತಾರೆ. ಅದಾದ ಮೇಲೆ ಪುನಃ ಅಷ್ಟೂ ಮರಗಳಿಗೆ ಸುತ್ತು ಹೊಡೆದು ಹಾಲು ಒಟ್ಟುಮಾಡಬೇಕು, ಆಸಿಡ್ ಬೆರೆಸಿ ತಟ್ಟೆಯಲ್ಲಿ ಹೆಪ್ಪು ಹಾಕಬೇಕು. ಅಲ್ಲಿಗೆ ಬೆಳಗಿನ ಕೆಲಸ ಮುಗಿಯಿತು.

ಈಗ ಫೋಟೋವನ್ನು ನಾವು ಮೂವರೂ ಮತ್ತೆ ನೋಡಿದೆವು. ಮೊದಲು ಕಾಣದ್ದೆಲ್ಲ ಒಂದೊಂದಾಗಿ ಕಂಡಿತು.

ಅಂಗಿಯ ತೋಳಿನಲ್ಲಿ, ಲುಂಗಿಯ ಅಂಚಿನಲ್ಲಿ ಕಪ್ಪು ಕಪ್ಪು ಕಲೆ. ಕೊಳೆ ಎಂದುಕೊಂಡಿದ್ದೆವು. ಅದು ರಬ್ಬರ್ ಹಾಲು ಬಿದ್ದು ಒಣಗಿದ ಕಲೆ. ಬಿಳಿಯ ಹಾಲು ಒಣಗಿದ ಮೇಲೆ ಕಪ್ಪಾಗುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ.

ಜಗಲಿಯ ಕೆಳಗೆ ಚಪ್ಪಲಿಗಳು. ಎಲ್ಲೆಂದರಲ್ಲಿ ಬಿಟ್ಟದ್ದಲ್ಲ, ಜೋಡಿಸಿ ಗೋಡೆಗೆ ಒತ್ತಿ ಇಟ್ಟದ್ದು. ಯಾರ ಕಾಲಿಗೂ ತಾಗಬಾರದೆಂದು ಇಟ್ಟ ಹಾಗೆ.

ಅವರ ಹಿಂದೆ ಮೆಟ್ಟಿಲಿನ ಮೇಲೆ ಸಾಲಾಗಿ ಏಳೆಂಟು ಬಟ್ಟೆಚೀಲ. ಒಂದೊಂದರ ಮೇಲೆ ಒಂದೊಂದು ಕಲ್ಲು. ಅದನ್ನು ನೋಡಿ ಇವಳು, "ಅಯ್ಯೋ, ಅದು ರೇಷನ್ನಿನ ಕ್ಯೂ ಅಲ್ವಾ!" ಎಂದಳು. ಬಾಗಿಲು ತೆರೆಯುವವರೆಗೆ ಜನ ನಿಲ್ಲುವ ಬದಲು ಚೀಲಗಳು ನಿಂತಿವೆ. ಮಲಗಿದವರು ಸುಮ್ಮನೆ ಮಲಗಿದ್ದಲ್ಲ, ಕಾಯುತ್ತಿದ್ದರು.

ಕಡೆಗೆ ಮೊಮ್ಮಗಳೇ ಒಂದು ಹುಡುಕಿದಳು. ಫೋಟೋದ ಕೆಳತುದಿಯಲ್ಲಿ, ರಸ್ತೆಯ ಮೇಲೆ ಒಂದು ಕುಳ್ಳ ನೆರಳು. ಎರಡೂ ಕೈ ಎತ್ತಿ ಏನನ್ನೋ ಹಿಡಿದುಕೊಂಡಿದೆ. "ಅಜ್ಜ, ಇದು ನಾನೇ!" ಎಂದಳು. ನೆರಳು ಅವಳಿಗಿಂತ ಗಿಡ್ಡ ಇದೆಯೆಂದರೆ ಬಿಸಿಲು ಚೆನ್ನಾಗಿ ಏರಿದೆ, ಹತ್ತೂವರೆಯೋ ಹನ್ನೊಂದೋ ಆಗಿರಬೇಕು. ನಾಲ್ಕು ಗಂಟೆಗೆ ಎದ್ದ ಮನುಷ್ಯನಿಗೆ ಅದು ದಿನದ ಏಳನೆಯ ಗಂಟೆ. ನಮ್ಮ ಲೆಕ್ಕದಲ್ಲಿ ಆಫೀಸಿನವರು ಸಂಜೆ ಐದಕ್ಕೆ ಮನೆಗೆ ಬಂದು ಸೋಫಾದಲ್ಲಿ ಕಾಲು ಚಾಚಿದ ಹಾಗೆ.

ಒಂದೇ ಫೋಟೋ. ಸಂಜೆ ಆರಕ್ಕೆ ಅದರಲ್ಲಿ ಸೋಮಾರಿ ಇದ್ದರು, ರಾತ್ರಿ ಒಂಬತ್ತಕ್ಕೆ ಅದರಲ್ಲಿ ದುಡಿದು ದಣಿದವರು ಇದ್ದರು. ಫೋಟೋ ಬದಲಾಗಲಿಲ್ಲ.

ಮೊಮ್ಮಗಳು ಮಾತಾಡದೆ ಕೂತಳು. ಆಮೇಲೆ, "ಡಿಲೀಟ್ ಮಾಡ್ಲಾ?" ಎಂದು ಕೇಳಿದಳು. ಗ್ರೂಪಿನಿಂದ ತೆಗೆ, ಆದರೆ ನಿನ್ನ ಮೊಬೈಲಿನಲ್ಲಿ ಇರಲಿ ಎಂದೆ. ಅದು ಕೆಟ್ಟ ಫೋಟೋ ಅಲ್ಲ. ಕೆಟ್ಟದ್ದು ಕೆಳಗೆ ಬರೆದ ಸಾಲು, ಮತ್ತು ಅದಕ್ಕೆ ಒತ್ತಿದ ನಗು.

ಮರುದಿನ ಮಳೆ. ಹೊರಗೆ ಹೋಗುವ ಹಾಗಿರಲಿಲ್ಲ. ಬೀದಿಯ ಫೋಟೋ ತೆಗೆಯುವುದನ್ನೇ ಜೀವನ ಮಾಡಿಕೊಂಡವರೂ ಇದ್ದಾರೆ ಎಂದು ಹೇಳಿ, ಅವಳಿಗೆ ಎರಡು ಹೆಸರಾಂತ ಚಿತ್ರಗಳನ್ನು ಹುಡುಕಿ ತೋರಿಸಿದೆ.

ಒಂದು, ಫ್ರಾನ್ಸಿನ ಹೆನ್ರಿ ಕಾರ್ಟಿಯರ್ ಬ್ರೆಸ್ಸಾನ್ 1932ರಲ್ಲಿ ಪ್ಯಾರಿಸ್ಸಿನ ಒಂದು ರೈಲ್ವೆ ಸ್ಟೇಷನ್ನಿನ ಹಿಂದೆ ತೆಗೆದದ್ದು. (ಇದೇ ಬ್ರೆಸ್ಸಾನ್ ಮುಂದೆ ಭಾರತಕ್ಕೆ ಬಂದು, 1948ರ ಜನವರಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳ ಫೋಟೋಗಳನ್ನೂ ತೆಗೆದರು.) ಚಿತ್ರದಲ್ಲಿ ನೆಲದ ತುಂಬ ಮಳೆನೀರು ನಿಂತಿದೆ. ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಅದನ್ನು ದಾಟಲು ಹಾರಿದ್ದಾನೆ. ಹಿಮ್ಮಡಿ ಇನ್ನೇನು ನೀರಿಗೆ ತಾಗಬೇಕು, ತಾಗಿಲ್ಲ. ಎಲ್ಲರೂ ನೋಡುವುದು ಇಷ್ಟನ್ನೇ. "ಹಿಂದೆ ನೋಡು" ಎಂದೆ. ಹಿಂದಿನ ಗೋಡೆಯ ಮೇಲೆ ಒಂದು ಪೋಸ್ಟರು. ಅದರಲ್ಲಿ ಒಬ್ಬ ನರ್ತಕಿ, ಅವಳೂ ಹಾರುತ್ತಿದ್ದಾಳೆ! ಇವನು ಹಾರಿದ ಹಾಗೆಯೇ, ಆದರೆ ಇನ್ನೊಂದು ದಿಕ್ಕಿಗೆ. ಇನ್ನೂ ಹಿಂದೆ ಬೇಲಿಯ ಬಳಿ ಒಬ್ಬ ಮನುಷ್ಯ ಸುಮ್ಮನೆ ನಿಂತಿದ್ದಾನೆ, ಮುಂದೆ ಏನಾಗುತ್ತಿದೆ ಎಂದು ಅವನಿಗೆ ಗೊತ್ತೇ ಇಲ್ಲ. ಮೊಮ್ಮಗಳಿಗೆ ಪೋಸ್ಟರು ಕಂಡಾಗ ಮುಖ ಅರಳಿತು.

ಇನ್ನೊಂದು ಅದಕ್ಕಿಂತ ತುಂಬ ಹಳೆಯದು. 1838ರದ್ದು. ಛಾಯಾಚಿತ್ರದ ಒಂದು ವಿಧಾನವನ್ನೇ ಕಂಡುಹಿಡಿದ ಲೂಯಿ ಡಾಗೇರ್, ಪ್ಯಾರಿಸ್ಸಿನಲ್ಲಿ ತನ್ನ ಮಹಡಿಯ ಕಿಟಕಿಯಿಂದ ಕೆಳಗಿನ ದೊಡ್ಡ ಬೀದಿಯನ್ನು ತೆಗೆದದ್ದು. ಮನೆಗಳಿವೆ, ಮರಗಳಿವೆ, ಅಗಲವಾದ ರಸ್ತೆಯಿದೆ. ಜನ ಇಲ್ಲ.

"ಬಂದ್ ಇತ್ತಾ ಅಜ್ಜ?" ಎಂದು ಕೇಳಿದಳು.

ಬಂದ್ ಅಲ್ಲ. ಬೀದಿಯ ತುಂಬ ಜನ, ಕುದುರೆಗಾಡಿಗಳು ಓಡಾಡುತ್ತಿದ್ದವು. ಆದರೆ ಆ ಕಾಲದ ಕ್ಯಾಮರಾಕ್ಕೆ ಒಂದು ಚಿತ್ರ ಮೂಡಲು ಹಲವು ನಿಮಿಷ ಬೇಕಾಗಿತ್ತು. ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದು ಮಾತ್ರ ಚಿತ್ರದಲ್ಲಿ ಉಳಿಯಿತು. ನಡೆದು ಹೋದವರು, ಓಡಿದವರು, ಗಾಡಿ ಹೊಡೆದವರು ಯಾರೂ ಮೂಡಲೇ ಇಲ್ಲ. ಎಡಗಡೆ ಕೆಳಮೂಲೆಯಲ್ಲಿ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಒಂದು ಕಾಲು ಎತ್ತಿಟ್ಟು ನಿಂತು, ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತಿದ್ದಾನೆ. ಪಾಲಿಷ್ ಮಾಡುವವನು ಮಸುಕು ಮಸುಕು, ಯಾಕೆಂದರೆ ಅವನ ಕೈ ಆಡುತ್ತಿತ್ತು. ಫೋಟೋದಲ್ಲಿ ಮೂಡಿದ ಮನುಷ್ಯರಲ್ಲಿ ನಮಗೆ ಗೊತ್ತಿರುವಂತೆ ಇವರೇ ಮೊದಲಿಗರು. ಅವರ ಹೆಸರು ಯಾರಿಗೂ ತಿಳಿಯದು. ಟೆಲಿಗ್ರಾಫಿನ ಮೋರ್ಸ್ ಕೋಡ್ ಕೇಳಿದ್ದೀರಲ್ಲ, ಆ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಡಾಗೇರ್‌ನ ಚಿತ್ರಗಳನ್ನು ನೋಡಿ, ಇದೇ ವಿಚಿತ್ರದ ಬಗ್ಗೆ ಊರಿಗೆ ಕಾಗದ ಬರೆದಿದ್ದರು.

ಮೊಮ್ಮಗಳು ತುಂಬ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹೇಳಿದಳು: "ಹಾಗಾದರೆ ಕೆಲಸ ಮಾಡಿದವರು ಕಾಣುವುದಿಲ್ಲ. ನಿಂತವರು ಮಾತ್ರ ಕಾಣುವುದು."

ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಇಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ನಮ್ಮ ಟ್ಯಾಪಿಂಗ್‌ನವರ ಕಥೆಯೂ ಇದೇ ಅಲ್ಲವೇ? ಅವರು ದುಡಿಯುವುದು ಕತ್ತಲೆಯಲ್ಲಿ, ರಸ್ತೆಯಿಂದ ದೂರ ತೋಟದೊಳಗೆ. ಬೆಳಕಿಗೆ, ರಸ್ತೆಗೆ, ಕ್ಯಾಮರಾದ ಎದುರಿಗೆ ಅವರು ಬರುವುದು ಮಲಗುವ ಹೊತ್ತಿಗೆ.

ಮಳೆ ಬಿಟ್ಟ ದಿನ ಅವರ ಮನೆಗೆ ಹೋದೆವು. ದಾರಿಯುದ್ದಕ್ಕೂ ಇವಳು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅವರು ಅಂಗಳದಲ್ಲಿ ರಬ್ಬರ್ ಶೀಟು ಹರವುತ್ತಿದ್ದರು. "ಏನು ಮಾಸ್ಟ್ರೇ, ಈಚೆ ಸವಾರಿ?" ಎಂದು ಬೆಂಚು ಎಳೆದು ಹಾಕಿದರು. ನಾನು ಹೇಗೆ ಶುರುಮಾಡುವುದೆಂದು ತಿಳಿಯದೆ ಮಳೆಯ ಮಾತು ಎತ್ತಿದೆ. ಆದರೆ ಹುಡುಗಿ ನೇರವಾಗಿ ಮೊಬೈಲು ಮುಂದೆ ಹಿಡಿದಳು. "ಮಾಮ, ಇದು ನಾನು ತೆಗೆದದ್ದು. ಕೇಳದೆ ತೆಗೆದೆ. ಕೇಳದೆ ಕಳಿಸಿದೆ. ಸಾರಿ."

ಅವರು ಲುಂಗಿಗೆ ಕೈ ಒರೆಸಿಕೊಂಡು ಫೋಟೋ ನೋಡಿದರು. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನೋಡಿದ್ದೇನೆ ಮಗಾ" ಎಂದರು. "ಯಾರೋ ಊರಿನ ಗ್ರೂಪಿಗೂ ಹಾಕಿದ್ದರು. ನನಗೆ ಏನಿಲ್ಲ. ಮಗ ಮಾತ್ರ ಎರಡು ದಿನದಿಂದ ಆ ಅಂಗಡಿ ಕಡೆ ಹೋಗುವುದಿಲ್ಲ."

ಮಗ ಹೈಸ್ಕೂಲು ಓದುತ್ತಾನೆ. ಒಳಗೆ ಇದ್ದ, ಹೊರಗೆ ಬರಲಿಲ್ಲ.

ಮನೆಯ ಗ್ರೂಪಿನಿಂದ ಯಾರೋ ಒಬ್ಬರು ಇನ್ನೊಂದು ಗ್ರೂಪಿಗೆ, ಅಲ್ಲಿಂದ ಮತ್ತೊಂದಕ್ಕೆ. ನಮ್ಮ ಗ್ರೂಪಿನಿಂದ ನಾವು ತೆಗೆಯುವ ಮೊದಲೇ ಅದು ನೆರಿಯಕ್ಕೆ ವಾಪಸು ಬಂದಿತ್ತು. ಹೊಳೆಗೆ ಬಿಟ್ಟ ಎಲೆಯನ್ನು ಹಿಂದಕ್ಕೆ ಕರೆಯಲಾಗುತ್ತದೆಯೇ? ನಾನು ಒತ್ತಿದ ಆ ಒಂದು ನಗುವೂ ಅದರ ಜೊತೆಗೇ ಹರಿದಿತ್ತೋ ಏನೋ ಎಂದು ಯೋಚಿಸಿದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಮೊಮ್ಮಗಳ ಕಣ್ಣಲ್ಲಿ ನೀರು ಬಂತು. ಅವರಿಗೇ ಪಾಪ ಅನ್ನಿಸಿರಬೇಕು. "ಅಳುವುದು ಎಂತಕ್ಕೆ? ಫೋಟೋ ತೆಗೆಯಬೇಕಾದರೆ ಬೆಳಿಗ್ಗೆ ನಾಲ್ಕು ಗಂಟೆಗೆ ಬಾ. ಎದ್ದರೆ!" ಎಂದು ನಕ್ಕರು.

ಎದ್ದಳು. ನಾನೂ ಎದ್ದೆ, ಎಬ್ಬಿಸಿದ ಮೇಲೆ. ಇಬ್ಬರೂ ಟಾರ್ಚು ಹಿಡಿದು, ಉಂಬುಳು ಹತ್ತದಂತೆ ಕಾಲಿಗೆ ಸುಣ್ಣ ಹಚ್ಚಿಕೊಂಡು ಹೋದೆವು. ತೋಟದಲ್ಲಿ ಕತ್ತಲೆಯೆಂದರೆ ಕತ್ತಲೆ. ದೂರದಲ್ಲಿ ಒಂದು ಬೆಳಕು ಮರದಿಂದ ಮರಕ್ಕೆ ಹೋಗುತ್ತಿತ್ತು. ಒಂದು ಮರದ ಬಳಿ ಸ್ವಲ್ಪ ನಿಲ್ಲುತ್ತದೆ, ಚರಕ್ ಚರಕ್ ಎಂದು ಚೂರಿಯ ಸದ್ದು, ಮತ್ತೆ ಮುಂದಿನ ಮರ. ಅವರು ನಮ್ಮ ಜೊತೆ ಮಾತಿಗೆ ನಿಲ್ಲಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ. ಅವರ ಹಿಂದೆ ಮಗನೂ ಇದ್ದ. ನಮ್ಮನ್ನು ನೋಡಿ ಮೊದಲು ಮುಖ ತಿರುಗಿಸಿದ. ಆಮೇಲೆ ಹತ್ತು ಮರ ದಾಟಿದ ಮೇಲೆ ಅವನೇ ಮೊಮ್ಮಗಳನ್ನು ಕರೆದು, ಈಗಷ್ಟೇ ಕೆತ್ತಿದ ಗೀರಿನಲ್ಲಿ ಹಾಲು ಮಣಿಮಣಿಯಾಗಿ ಒಸರುವುದನ್ನು ತೋರಿಸಿದ.

ಅವಳು ಕೇಳಿ, ಒಪ್ಪಿಗೆ ಪಡೆದು, ಮೂವತ್ತೋ ನಲವತ್ತೋ ಫೋಟೋ ತೆಗೆದಳು. ಮನೆಗೆ ಬಂದು ನೋಡಿದರೆ ಎಲ್ಲ ಕಪ್ಪು. ಒಂದರಲ್ಲಿ ಮಾತ್ರ ನಡುವೆ ಒಂದು ಬೆಳಕಿನ ಚುಕ್ಕೆ, ಅದರ ಪಕ್ಕದಲ್ಲಿ ಮರದ ಒಂದು ಬದಿ, ಚೂರಿ ಹಿಡಿದ ಬೆರಳು ಇದ್ದರೂ ಇದೆ ಎನ್ನುವಷ್ಟು. ಅದನ್ನು ಗ್ರೂಪಿಗೆ ಹಾಕಿ ಹೀಗೆ ಬರೆದಳು: 'ಮೊನ್ನೆ ನಾನು ತಪ್ಪು ಬರೆದಿದ್ದೆ. ಅವರು ಬೆಳಿಗ್ಗೆ ನಾಲ್ಕಕ್ಕೆ ಹೀಗಿರುತ್ತಾರೆ.' ಅದರ ಕೆಳಗೆ, 'ನಾನು ನಕ್ಕದ್ದೂ ತಪ್ಪು' ಎಂದು ನಾನು ಬರೆದೆ. ಈ ಫೋಟೋ ಮೊದಲಿನದರಷ್ಟು ದೂರ ಹೋಗಲಿಲ್ಲ. ಚುಕ್ಕೆಯ ಫೋಟೋ ಯಾರು ಮುಂದೆ ಕಳಿಸುತ್ತಾರೆ?

ಪ್ರಿಂಟ್ ಹಾಕಿಸಿ ಅವರಿಗೆ ಕೊಡಲು ಹೋದಾಗ ಮಾತ್ರ ಒಂದು ತಮಾಷೆಯಾಯಿತು. ಅವರು ಕತ್ತಲೆಯ ಫೋಟೋವನ್ನು ಮಗನಿಗೆ ಕೊಟ್ಟು, "ಆ ಮಲಗಿದ್ದು ಕೊಡು ಮಗಾ" ಎಂದರು. "ನಾನು ನಿದ್ದೆ ಮಾಡುವುದನ್ನು ನಾನೇ ಇಷ್ಟರವರೆಗೆ ನೋಡಿರಲಿಲ್ಲ."

ಅಜ್ಜ ಅಜ್ಜಿಯರೇ, ಈಗ ಒಂದು ಮಾತು ನಮ್ಮ ಬಗ್ಗೆ. ನನ್ನ ಬಳಿ ಹಿಂದೆ ಒಂದು ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಇತ್ತು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದು ರೋಲಿಗೆ 12 ಫೋಟೋ. ಒಂದೊಂದಕ್ಕೂ ದುಡ್ಡು. ಹಾಗಾಗಿ ಎಲ್ಲರನ್ನೂ ಹೊಸ ಬಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿ, "ಅಲ್ಲಾಡಬೇಡಿ" ಎಂದು ಗದರಿಸಿ ತೆಗೆಯುತ್ತಿದ್ದೆವು. ಮೊನ್ನೆ ಆ ಆಲ್ಬಮ್ ತೆಗೆದು ನೋಡಿದೆ. ನನ್ನ ಅಮ್ಮನ ಫೋಟೋ ನಾಲ್ಕು ಇವೆ. ನಾಲ್ಕರಲ್ಲೂ ಅಮ್ಮ ಸುಮ್ಮನೆ ನಿಂತಿದ್ದಾರೆ. ಜೀವಮಾನದಲ್ಲಿ ಅವರು ಹಾಗೆ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಆ ನಾಲ್ಕೇ ಸಲ ಇರಬೇಕು. ಒಲೆಯ ಮುಂದಿನ ಅಮ್ಮ, ಅಡಿಕೆ ಸುಲಿಯುವ ಅಮ್ಮ, ಹಟ್ಟಿಯಲ್ಲಿ ಹಾಲು ಕರೆಯುವ ಅಮ್ಮ ಒಂದರಲ್ಲೂ ಇಲ್ಲ. ಪ್ಯಾರಿಸ್ಸಿನ ಬೀದಿಯ ಹಾಗೆಯೇ.

ಆದ್ದರಿಂದ ಮೊಬೈಲು ಹಿಡಿದು ರಸ್ತೆಯಲ್ಲಿ ಓಡುವ ಮಕ್ಕಳನ್ನು ನಾನು ಬೈಯುವುದಿಲ್ಲ. ನಾವು ತೆಗೆಯದೆ ಬಿಟ್ಟದ್ದನ್ನು ಅವರು ತೆಗೆಯುತ್ತಿದ್ದಾರೆ. ತೆಗೆದ ಮೇಲೆ ಒಂದು ಸಲ ಕೂತು ನೋಡಬೇಕು, ಅಷ್ಟೇ. ಅದಕ್ಕೆ ಪಕ್ಕದಲ್ಲಿ ಊರಿನ ಸಂಗತಿ ಗೊತ್ತಿರುವ ಅಜ್ಜನೋ ಅಜ್ಜಿಯೋ ಇದ್ದರೆ ಒಳ್ಳೆಯದು. ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು ಎಂದು ನಮ್ಮ ಮನೆಯ ಅನುಭವ.

ಈ ವಾರ ನೀವೂ ಮಾಡಿ ನೋಡಿ ಮಕ್ಕಳೇ. ರಸ್ತೆಯಲ್ಲೋ ಸಂತೆಯಲ್ಲೋ ಜಾತ್ರೆಯಲ್ಲೋ ತೆಗೆದ ಒಂದು ಫೋಟೋ ಆರಿಸಿ. ಹಳೆಯ ಆಲ್ಬಮ್ಮಿನದ್ದಾದರೂ ಆದೀತು. ಮೂರು ನಿಮಿಷ ಯಾರೂ ಮಾತಾಡದೆ ಅದನ್ನು ನೋಡಿ. ನಡುವಿನಿಂದ ಬೇಡ, ಮೂಲೆಗಳಿಂದ ಶುರುಮಾಡಿ. ಕೈ, ಕಾಲು, ಚಪ್ಪಲಿ, ಚೀಲ ನೋಡಿ. ನೆರಳು ನೋಡಿ ಗಂಟೆ ಎಷ್ಟಿರಬಹುದೆಂದು ಹೇಳಿ. ಗೋಡೆಯ ಮೇಲೆ ಬರೆದದ್ದನ್ನು ಓದಿ. ಕಂಡ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿದ ಮೇಲೆಯೇ 'ಇವರು ಹೀಗಿರಬಹುದು' ಎಂದು ಊಹಿಸಬೇಕು. ಆ ಊಹೆಯನ್ನು ದೊಡ್ಡವರ ಹತ್ತಿರ, ಆದರೆ ಫೋಟೋದಲ್ಲಿದ್ದವರ ಹತ್ತಿರವೇ ಕೇಳಿ ನೋಡಿ. ಸರಿಯಾದದ್ದೆಷ್ಟು, ತಪ್ಪಾದದ್ದೆಷ್ಟು ಎಂದು ನನಗೆ ಬರೆದು ಕಳಿಸಿ. ಇನ್ನೊಬ್ಬರ ಫೋಟೋವನ್ನು ಮಾತ್ರ ಅವರನ್ನು ಕೇಳದೆ ಕಳಿಸಬೇಡಿ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಕ್ಯಾಮರಾಗಳನ್ನೂ ಒಮ್ಮೆ ನೋಡಿ ಬನ್ನಿ. ಅವುಗಳ ಮುಂದೆ ನಿಂತಾಗ, ಅವು ಯಾರನ್ನೆಲ್ಲ ತೆಗೆದಿರಬಹುದು, ಯಾರನ್ನೆಲ್ಲ ಬಿಟ್ಟಿರಬಹುದು ಎಂದು ಯೋಚಿಸಿ.

ಇದನ್ನು ಅಚ್ಚಿಗೆ ಕೊಡುವ ಮೊದಲು ನಮ್ಮ ಟ್ಯಾಪಿಂಗ್‌ನವರ ಜಗಲಿಯಲ್ಲಿ ಕೂತು ಅವರಿಗೂ ಅವರ ಮಗನಿಗೂ ಪೂರ್ತಿ ಓದಿ ಹೇಳಿದ್ದೇನೆ. "ಹೆಸರು ಹಾಕುವುದು ಬೇಡ ಅಲ್ವಾ?" ಎಂದು ಕೇಳಿದೆ. ಅವರು ಮಗನ ಮುಖ ನೋಡಿದರು. ಮಗ, "ಬೇಡ ಸಾರ್. ಆದರೆ 300 ಮರ ಎಂದು ಬರೆದದ್ದು ಇರಲಿ" ಎಂದ.

ಇರಲಿ ಎಂದು ಇಟ್ಟಿದ್ದೇನೆ.